ಇನ್ನೂ ಬಾರದ ಊರಿನಲ್ಲಿ ನಮ್ಮ ಮನೆ

ಮನುಷ್ಯರಲ್ಲಿ ಎರಡು ಜಾತಿ. ಇರುವ ಊರಿನಲ್ಲಿ ಇರುವವರು ಒಂದು ಜಾತಿ, ಮುಂದೆ ಬರಲಿರುವ ಊರಿನಲ್ಲಿ ಇರುವವರು ಇನ್ನೊಂದು. ಮೊದಲನೆಯವರು ಬೆಳಿಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದರೆ ಅವರಿಗೆ ಬೀದಿ ಕಾಣುತ್ತದೆ. ಎರಡನೆಯವರಿಗೆ ಅದೇ ಕಿಟಕಿಯಲ್ಲಿ ರೈಲ್ವೆ ಸ್ಟೇಷನ್ನು, ಮಾಲು, ದರ್ಶಿನಿ ಹೋಟೆಲು ಎಲ್ಲ ಕಾಣುತ್ತವೆ. ಕಾಣದೇ ಹೋಗುವುದು ಎದುರಿಗಿರುವ ಮುಸುಕಿನ ಜೋಳದ ಹೊಲ ಮಾತ್ರ. ನಾನು ಎರಡನೆಯ ಜಾತಿಯವನು. ಇದು ನಮ್ಮ ಮನೆತನದಲ್ಲೇ ಹರಿದು ಬಂದ ಕಾಯಿಲೆ, ಮದ್ದಿಲ್ಲ.

ನಮ್ಮಪ್ಪ ಮೈಸೂರಿನ ಹೊರಗೆ, ಆಗಿನ ಕಾಲಕ್ಕೆ ಪಂಚಾಯಿತಿಯೂ ತಿರುಗಿ ನೋಡದಿದ್ದ ಜಾಗದಲ್ಲಿ ಒಂದು ಸೈಟು ಕೊಂಡರು. ಬಂಧುಗಳೆಲ್ಲ ನಕ್ಕರು. ಗೃಹಪ್ರವೇಶದ ದಿನ ಪುರೋಹಿತರು ದಾರಿ ತಪ್ಪಿ ಪಕ್ಕದ ಹಳ್ಳಿಗೆ ಹೋಗಿ, ಅಲ್ಲಿ ಯಾರದೋ ನಾಮಕರಣದ ಊಟ ಮುಗಿಸಿಕೊಂಡು ನಮ್ಮಲ್ಲಿಗೆ ಬಂದರು. ಹತ್ತು ವರ್ಷ ಕಳೆಯಿತು, ಮನೆ ಮುಂದೆ ಬಸ್ಸು ನಿಲ್ಲತೊಡಗಿತು, ನಕ್ಕಿದ್ದ ಬಂಧುಗಳೇ ಕಾಫಿ ಕುಡಿಯುತ್ತಾ, "ನೀವು ಬಿಡಿ ರಾಯರೇ, ಮುಂಚೆನೇ ತಗೊಂಡ್ರಿ" ಅಂದರು. ಅಪ್ಪನ ಮುಖದಲ್ಲಿ ಅವತ್ತು ಕಂಡ ಕಳೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಜೀವನದಲ್ಲಿ ಒಂದೇ ಒಂದು ಸಲ ನನಗೂ ಯಾರಾದರೂ ಆ ಮಾತು ಹೇಳಬೇಕು ಎಂದು ನಾನು ಆಸೆಪಟ್ಟೆ. ನನ್ನ ಈಗಿನ ಕಷ್ಟಕ್ಕೆಲ್ಲ ಈ ಆಸೆಯೇ ಮೂಲ.

ಎರಡು ವರ್ಷದ ಹಿಂದಿನವರೆಗೆ ನಾನೂ ನನ್ನ ಹೆಂಡತಿ ವಸುಧಾಳೂ ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಸುಖವಾಗಿದ್ದೆವು. ವಸುಧಾ ಸಂಜೆ ಚಪ್ಪಲಿ ಮೆಟ್ಟಿಕೊಂಡು ನಮ್ಮವರ ಅಂಗಡಿಗಳೇ ತುಂಬಿರುವ ಓಕ್ ಟ್ರೀ ರಸ್ತೆಗೆ ನಡೆದು ಹೋದರೆ ಒಂದು ಕಟ್ಟು ಸೊಪ್ಪು, ಅರ್ಧ ಡಜನ್ ಸಮಾಚಾರ ಎರಡನ್ನೂ ತರುತ್ತಿದ್ದಳು. ಆಗ ನನಗೆ ಒಂದು ಬ್ರೋಷರ್ ಸಿಕ್ಕಿತು. ಓಲ್ಡ್ ಬ್ರಿಡ್ಜ್ ಎಂಬ ಊರನ್ನೂ ದಾಟಿ ಇನ್ನೂ ಮುಂದೆ, ಹೊಲಗಳ ನಡುವೆ, ಗೋಡೆಗೆ ಗೋಡೆ ತಾಗಿದ ಹೊಸ ಟೌನ್‌ಹೌಸುಗಳು. ಟೌನ್‌ಶಿಪ್ಪಿನ ಹೆಸರು ಬೇಡ, ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಐಸೆಲಿನ್‌ನಿಂದ ಐವತ್ತು ನಿಮಿಷ, ಟ್ರಾಫಿಕ್ ಇದ್ದರೆ ದೇವರೇ ಗತಿ. ಪೂರ್ವದ ಬಾಗಿಲು, ಮೂಲೆ ಮನೆ, ಮತ್ತು ಎದುರಿಗೆ ವಿಶಾಲವಾದ ಆ ಜೋಳದ ಹೊಲ. ಹೊಲದ ಅಂಚಿನಲ್ಲಿ ಒಂದು ಹಸಿರು ಬೋರ್ಡು: ಇದು ಸಂರಕ್ಷಿತ ಕೃಷಿಭೂಮಿ.

ನನ್ನಂಥವನು ಎಡವುವುದು ಇಂಥ ಕಡೆಯೇ. ಬೆಂಗಳೂರು, ಮೈಸೂರುಗಳ ಸುತ್ತ ಬೆಳೆದವರಿಗೆ ಹಸಿರು ವಲಯ ಎಂಬ ಬೋರ್ಡು ಕಂಡರೆ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಕಟ್ಟಡ ಬರುವುದಿಲ್ಲ ಎಂದು ಸರ್ಕಾರ ಹೇಳಿತು ಎಂದರೆ ಬರುವ ದಿನ ಹತ್ತಿರವಾಯಿತು ಎಂದೇ ನಮ್ಮ ಲೆಕ್ಕ. ಇವತ್ತು ಹೊಲ, ನಾಳೆ ಕನ್ವರ್ಷನ್, ನಾಡಿದ್ದು ಲೇಔಟ್. "ನೋಡು ವಸುಧಾ, ಇಷ್ಟು ಜಾಗವನ್ನ ಯಾರೂ ಸುಮ್ಮನೆ ಇಟ್ಟುಕೊಂಡಿರಲ್ಲ. ಐದು ವರ್ಷದಲ್ಲಿ ಇಲ್ಲಿ ಸ್ಟೇಷನ್ ಬರುತ್ತೆ, ಅಂಗಡಿ ಸಾಲು ಬರುತ್ತೆ" ಎಂದೆ. ಅವಳು ಹೊಲವನ್ನೂ ನನ್ನನ್ನೂ ಒಂದು ಸಲ ನೋಡಿದಳು. "ಐದು ವರ್ಷ ನಂಗೆ ಆಗಲ್ಲ ರೀ. ಎರಡು ವರ್ಷ ಕೊಡ್ತೀನಿ. ಮೂರನೇ ಯುಗಾದಿಗೆ ಇಲ್ಲಿ ನಡ್ಕೊಂಡು ಹೋಗೋ ಅಷ್ಟು ದೂರದಲ್ಲಿ ಒಂದು ಇಂಡಿಯನ್ ಅಂಗಡಿ ಇರ್ಬೇಕು. ಇಲ್ಲಾಂದ್ರೆ ನಾನು ವಾಪಸ್ ಹೋಗ್ತೀನಿ, ನೀವು ಬರೋದಾದ್ರೆ ಬನ್ನಿ" ಎಂದಳು. ನಾನು ಒಪ್ಪಿ ಸಹಿ ಹಾಕಿದೆ.

ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗದ ರೋಗ ಹಿಡಿಯಿತು. ಹಲ್ಲುಜ್ಜುವಾಗ ಫೋನಿನಲ್ಲಿ ಮನೆಯ ಅಂದಾಜು ಬೆಲೆ ನೋಡುವುದು, ಸಂಜೆ ರಸ್ತೆಯುದ್ದಕ್ಕೂ ನಡೆದು ಗುಲಾಬಿ ರಿಬ್ಬನ್ ಕಟ್ಟಿದ ಸರ್ವೆ ಗೂಟ ಎಲ್ಲಾದರೂ ನೆಟ್ಟಿದ್ದಾರೆಯೇ ಎಂದು ಹುಡುಕುವುದು. ಈ ಹುಡುಕಾಟದಲ್ಲಿ ನನಗೊಬ್ಬ ಜೊತೆಗಾರ ಸಿಕ್ಕಿದ. ಸಾಲಿನ ಆ ತುದಿಯ ಮನೆಯ ವಿಬೋವೊ, ಇಂಡೋನೇಷ್ಯಾದ ಸುರಬಾಯಾ ಊರಿನವನು. ಅವನ ಅಣ್ಣ ಸುರಬಾಯಾದ ಹೊರಗೆ ಮನೆ ಕೊಂಡಾಗ ಸುತ್ತ ಬರೀ ಮೀನಿನ ಹೊಂಡಗಳಿದ್ದವಂತೆ. ಮಳೆ ಬಂದರೆ ಮೀನು ಅಂಗಳಕ್ಕೇ ಬರುತ್ತಿದ್ದವಂತೆ. ಈಗ ಅಲ್ಲಿ ಮಾಲಿನ ಪಾರ್ಕಿಂಗು ಸಿಗದೆ ಜನ ಅಣ್ಣನ ಗೇಟಿನ ಮುಂದೆ ಕಾರು ನಿಲ್ಲಿಸುತ್ತಾರಂತೆ. "ಬೈಯ್ತಾನೆ, ಆದ್ರೆ ಬೈಯ್ತಾ ಬೈಯ್ತಾ ನಗ್ತಾನೆ" ಎಂದು ವಿಬೋವೊ ಹೇಳುವಾಗ ನನಗೆ ನಮ್ಮಪ್ಪನ ಮುಖವೇ ಕಂಡಂತಾಯಿತು. ನಮ್ಮ ಭಾಷೆ ಬೇರೆ, ದೇವರು ಬೇರೆ, ಕಾಯಿಲೆ ಒಂದೇ. ಒಂದು ದಿನ ರಸ್ತೆ ಅಗೆಯುವ ಯಂತ್ರ ಬಂತೆಂದು ಇಬ್ಬರೂ ಓಡಿದೆವು. ನೀರಿನ ಪೈಪು ಒಡೆದಿತ್ತು. ಮುಚ್ಚಿ ಹೋದರು. "ಸಬಾರ್" ಎಂದ ವಿಬೋವೊ. ಅವರ ಭಾಷೆಯಲ್ಲಿ ತಾಳ್ಮೆ ಎಂದರ್ಥ.

ಇತ್ತ ವಸುಧಾ ವಾರಕ್ಕೆ ಮೂರು ದಿನ ದೂರದ ಪಾರ್ಸಿಪನಿಯ ಆಫೀಸಿಗೆ ಕಾರಿನಲ್ಲಿ ಹೋಗಿ ಬರುತ್ತಿದ್ದಳು, ಉಳಿದ ದಿನ ಮನೆಯಿಂದ ಕೆಲಸ. "ಆಫೀಸ್ ಇರೋ ದಿನಾನೇ ವಾಸಿ ರೀ. ಇಲ್ಲಿ ಮನುಷ್ಯರ ಮುಖ ನೋಡ್ಬೇಕಾದ್ರೂ ಡ್ರೈವ್ ಮಾಡ್ಬೇಕು" ಎನ್ನುತ್ತಿದ್ದಳು. ಜಗಳವಾಡಿದ್ದರೆ ನಾನೂ ಜಗಳವಾಡಿ ಗೆಲ್ಲಬಹುದಿತ್ತು. ಅವಳು ಸುಮ್ಮನೆ ಹೇಳುತ್ತಿದ್ದಳು, ನಾನು ಗೂಟ ಹುಡುಕಲು ಹೊರಡುತ್ತಿದ್ದೆ.

ಎರಡನೇ ಯುಗಾದಿಯೂ ಕಳೆದ ಮೇಲೆ ತಾಳಲಾರದೆ ಟೌನ್‌ಶಿಪ್ ಕಚೇರಿಗೆ ಹೋಗಿ, ಎದುರಿನ ಹೊಲ ಯಾವಾಗ ಡೆವಲಪ್ ಆಗುತ್ತದೆ ಎಂದು ಕೇಳಿದೆ. ಅಲ್ಲಿನ ಹೆಂಗಸು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಹೊಲದ ಒಡೆಯ ಅಲ್ಲಿ ಕಟ್ಟುವ ಹಕ್ಕನ್ನೇ ಸರ್ಕಾರಕ್ಕೆ ಮಾರಿಬಿಟ್ಟಿದ್ದಾನೆ, ಅವನೂ ಕಟ್ಟುವಂತಿಲ್ಲ, ಅವನಿಂದ ಕೊಂಡವನೂ ಕಟ್ಟುವಂತಿಲ್ಲ, ಎಂದೆಂದಿಗೂ ಹೊಲವೇ ಎಂದಳು. ಎಂದೆಂದಿಗೂ ಎಂದರೆ ಎಷ್ಟು ವರ್ಷ ಎಂದೆ. ಎಂದೆಂದಿಗೂ ಎಂದರೆ ಎಂದೆಂದಿಗೂ ಎಂದಳು. ನಾನು ಸ್ವಲ್ಪ ಬಾಗಿ, ದನಿ ತಗ್ಗಿಸಿ, "ಇದಕ್ಕೆ ಯಾರನ್ನ ನೋಡಬೇಕು?" ಎಂದು ಕೇಳಿದೆ. ಅವಳು ಕನ್ನಡಕ ಮತ್ತೆ ಹಾಕಿಕೊಂಡು, ಹೊಲ ನೋಡಬೇಕಾದರೆ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ ಎಂದಳು. ಈ ವಿಷಯವನ್ನು ನಾನು ವಸುಧಾಗೆ ಹೇಳಲಿಲ್ಲ. ಎಂಟು ತಿಂಗಳು ಹೇಳಲಿಲ್ಲ. ಅಪರಾಧಿ ಭಾವದಲ್ಲಿ ಪಾತ್ರೆಗಳನ್ನೆಲ್ಲ ನಾನೇ ತೊಳೆಯುತ್ತಿದ್ದೆ, ಅವಳಿಗೆ ಅನುಮಾನ ಬಂದದ್ದು ಅದರಿಂದಲೇ.

ದೇವರು ದೊಡ್ಡವನು, ಮೂರನೇ ಯುಗಾದಿಗೆ ಇನ್ನು ಆರು ವಾರವಿದೆ ಎನ್ನುವಾಗ ಒಂದು ರಿಜಿಸ್ಟರ್ಡ್ ಪತ್ರ ಬಂತು. ನಮ್ಮ ಮನೆಯ ಹಿಂದಿನ ಮರಗಳ ಜಾಗದಲ್ಲಿ ಒಂದು ಪ್ಲಾಜಾ ಕಟ್ಟಲು ಅರ್ಜಿ ಬಂದಿದೆ, ಆ ಜಾಗಕ್ಕೆ ತಾಗಿದ ಮನೆಗಳವರು ಪ್ಲ್ಯಾನಿಂಗ್ ಬೋರ್ಡಿನ ಮುಂದೆ ಅಭಿಪ್ರಾಯ ಹೇಳಬಹುದು. ಪ್ಲಾಜಾದಲ್ಲಿ ಒಂದು ಇಂಡಿಯನ್ ಗ್ರೋಸರಿಯೂ ಇತ್ತು. ವಸುಧಾ ಪತ್ರವನ್ನು ಎರಡು ಸಲ ಓದಿ, ಯುಗಾದಿಯೊಳಗೆ ಒಪ್ಪಿಗೆ ಸಿಕ್ಕರೂ ಸಾಕು ಎಂದು ಹೇಳಿ, ಒಳಗೆ ಹೋಗಿ ಕೇಸರಿಬಾತು ಮಾಡಿದಳು. ಎರಡು ವರ್ಷದಲ್ಲಿ ಅವಳು ಹಾಡು ಗುನುಗಿದ್ದು ಅವತ್ತೇ ಮೊದಲು. ನಾನು ಅರ್ಜಿಯ ಪರವಾಗಿ ಮೂರು ನಿಮಿಷದ ಭಾಷಣ ಬರೆದೆ. ಅವಳು ತಿದ್ದಿದಳು.

ಸಭೆಯ ಸಂಜೆ ಸಭಾಂಗಣ ತುಂಬಿತ್ತು. ಅರ್ಜಿದಾರನ ವಕೀಲ ನಕ್ಷೆಯನ್ನು ಸ್ಟ್ಯಾಂಡಿನ ಮೇಲೆ ಇಟ್ಟ. ನಾನು ಮುಂದೆ ಹೋಗಿ ಬಗ್ಗಿ ನೋಡಿದೆ. ಗ್ರೋಸರಿಯ ಮುಖ ಆ ಕಡೆಗಿತ್ತು. ಬೆನ್ನು ನಮ್ಮ ಕಡೆಗೆ. ಲಾರಿಗಳು ಬಂದು ಸರಕು ಇಳಿಸುವ ಜಾಗ, ನಾಲ್ಕು ದೊಡ್ಡ ಕಸದ ಡಬ್ಬ, ಫ್ರೀಜರಿನ ಯಂತ್ರ, ಎಲ್ಲವೂ ನೇರವಾಗಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರು. ಹಾಗಾದರೆ ಮನೆಯ ಬೆಲೆ ಏನಾಗಬೇಕು? ಅಷ್ಟರಲ್ಲಿ ವಿಬೋವೊ ಮೈಕಿನ ಮುಂದೆ ನಿಂತು, ಬಹಳ ಒಳ್ಳೆಯ ಪ್ಲಾನು, ಬೇಗ ಕಟ್ಟಿ ಎಂದ. ಅವನ ಮನೆ ಸಾಲಿನ ಆ ತುದಿಯಲ್ಲಿತ್ತಲ್ಲ, ಅವನಿಗೇನು. ಮುಂದಿನ ಹೆಸರು ನನ್ನದು.

ಭಾಷಣದ ಹಾಳೆ ಕೈಯಲ್ಲೇ ಇತ್ತು. ಬಾಯಿ ಬೇರೇನನ್ನೋ ಹೇಳತೊಡಗಿತು. "ನಾವು ಇಲ್ಲಿಗೆ ಬಂದಿದ್ದೇ ಈ ಶಾಂತಿಗಾಗಿ" ಎಂದೆ. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಅಮೆರಿಕಕ್ಕೆ ಬಂದ ಮೇಲೆ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಆ ಉಮೇದಿನಲ್ಲಿ ಮುಂದುವರಿಸಿದೆ. ಈ ಮರಗಳು, ಈ ಮಿಂಚುಹುಳುಗಳು, ಮುಂಜಾನೆ ಬರುವ ಜಿಂಕೆಗಳು ನಮ್ಮ ಕುಟುಂಬದವರಿದ್ದಂತೆ ಎಂದೆ. ಅದೇ ಜಿಂಕೆಗಳು ಹೋದ ಜೂನಿನಲ್ಲಿ ನನ್ನ ಮೆಂತ್ಯದ ಪಾತಿಯನ್ನು ಬೋಳು ಮಾಡಿದಾಗ ನಾನು ಅವುಗಳ ವಂಶಕ್ಕೆಲ್ಲ ಶಾಪ ಹಾಕಿದ್ದನ್ನು ಕೇಳಿಸಿಕೊಂಡಿದ್ದ ಏಕೈಕ ವ್ಯಕ್ತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ. ಬೋರ್ಡಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅರ್ಜಿಯನ್ನು ಬೇಸಿಗೆಗೆ ಮುಂದೂಡಿದರು.

ಹೊರಗೆ ಬರುವಾಗ ರಸ್ತೆಯಾಚೆಯ ಹಳೇ ಮನೆಯ ಡೋರತಿ ಎಂಬ ಮುದುಕಿ ನನ್ನ ಕೈ ಹಿಡಿದು ಕುಲುಕಿದಳು. ಎರಡು ವರ್ಷದಲ್ಲಿ ಒಂದು ದಿನವೂ ಹಲೋ ಎನ್ನದವಳು. "ಎಷ್ಟು ಚೆನ್ನಾಗಿ ಹೇಳಿದೆ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಮೈಕಿನ ಮುಂದೆ ನಿಂತು ಇದೇ ಮಾತು ಹೇಳಿದ್ದೆ" ಎಂದಳು ಇಂಗ್ಲಿಷಿನಲ್ಲಿ. ಯಾವ ಕಟ್ಟಡದ ವಿರುದ್ಧ ಎಂದು ಕೇಳಿದೆ. "ನಿಮ್ಮ ಮನೆಗಳ ವಿರುದ್ಧ" ಎಂದು ಪ್ರೀತಿಯಿಂದ ನನ್ನ ಭುಜ ತಟ್ಟಿ ಹೋದಳು.

ನಾನು ಕಾರನ್ನು ರಸ್ತೆಗೆ ತಂದೆ. ಆಮೇಲೆ ವಸುಧಾಳೇ ಶುರು ಮಾಡಿದಳು.

"ಆ ಎದುರಿನ ಹೊಲದಲ್ಲಿ ಏನೂ ಬರಲ್ಲ ಅಂತ ನಂಗೆ ಗೊತ್ತು. ನೀವು ಪಾತ್ರೆ ತೊಳೆಯೋಕೆ ಶುರು ಮಾಡಿದ್ರಲ್ಲ, ಅದೇ ವಾರ ಫೋನ್ ಮಾಡಿ ಕೇಳ್ದೆ."

"ಮತ್ತೆ ಹೇಳಲೇ ಇಲ್ಲ ನೀನು?"

"ನೀವೇ ಹೇಳ್ತೀರಾ ಅಂತ ಕಾದೆ. ಹೋಗ್ಲಿ, ಹಿಂದೆ ಅಂಗಡಿ ಬಂದಿದ್ರೆ ಇರ್ತಿದ್ದೆ ರೀ, ನಿಜವಾಗ್ಲೂ. ಲಾರಿ ಸದ್ದಿದ್ರೂ ಇರ್ತಿದ್ದೆ. ಒಂದು ಸದ್ದಾದ್ರೂ ಇರ್ತಿತ್ತು. ನಮ್ಮ ಹಳೇ ಬಿಲ್ಡಿಂಗಲ್ಲಿ ಒಂದು ಅಪಾರ್ಟ್‌ಮೆಂಟ್ ಖಾಲಿ ಇದೆ. ಲೀಸಿಂಗ್ ಆಫೀಸಲ್ಲಿ ನಮ್ಮ ಹೆಸರು ಹೇಳಿಟ್ಟಿದ್ದೀನಿ."

ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿಯವರೆಗೂ ಬಿಸಿಯಾಯಿತು. ತಪ್ಪಾಯಿತು, ನಾಳೆಯೇ ಹೋಗಿ ನೋಡೋಣ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಜಾತಿಬುದ್ಧಿ ಎಲ್ಲಿ ಹೋಗುತ್ತದೆ? "ಐಸೆಲಿನ್ ಈಗ ತುಂಬಿಹೋಗಿದೆ ವಸುಧಾ, ಇನ್ನು ಬೆಲೆ ಏರಲ್ಲ. ಪೆನ್ಸಿಲ್ವೇನಿಯಾ ಗಡಿ ಹತ್ತಿರ ಒಂದು ಜಾಗ ಇದೆಯಂತೆ, ಅಲ್ಲಿ ಸದ್ಯಕ್ಕೆ ಏನೂ ಇಲ್ಲ" ಎಂದೆ.

"ಕಾರು ಸೈಡಿಗೆ ಹಾಕಿ" ಎಂದಳು ವಸುಧಾ.

ಹಾಕಿದೆ. ಅವಳು ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು ನಿಂತಳು. ನಾನು ಆ ಕಡೆಯ ಸೀಟಿಗೆ ಹೋಗಿ ಕೂತೆ. ಅವಳು ಡ್ರೈವ್ ಮಾಡತೊಡಗಿದಳು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ತಿರುವು ಬಂತು, ಅವಳು ತಿರುಗಿಸಲಿಲ್ಲ, ಐಸೆಲಿನ್‌ನ ಹೈವೇ ಹಿಡಿದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ಅಷ್ಟು ಕಷ್ಟದ ಕೆಲಸವೇನಲ್ಲ ಅದು; ಒಂದು ಗಂಟೆ ಮುಂಚೆ ಮೈಕಿನ ಮುಂದೆ ಮಾಡಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿ ಊಟ ಮಾಡುತ್ತಿದ್ದೆ.