ಚೆನ್ನಾಗಿದೆ ಅಂತ ಮಾತ್ರ ಅನ್ಬೇಡ ಕಣೇ

ನಗಬಾರದ ಕಡೆಯಲ್ಲೇ ನಗು ತರಿಸೋ ಎಡವಟ್ಟುಗಳು ನಮ್ಮನೆ ವಿಳಾಸ ಕೇಳಿಕೊಂಡೇ ಬರುತ್ತವೆ. ಕ್ಯಾನ್ಸರ್ ಬಂದದ್ದು ನನ್ನ ಹೆಂಡತಿಗೆ, ಎಡವಟ್ಟುಗಳೆಲ್ಲಾ ನನ್ನ ಪಾಲಿಗೆ. ಗಿರಿನಗರದ ಈ ಮನೆಯಲ್ಲಿ ಹೋದ ವರ್ಷ ನಾವಿಬ್ಬರೂ ಚೆನ್ನಾಗಿ ಅತ್ತಿದ್ದೇವೆ, ಸುಳ್ಳು ಯಾಕೆ ಹೇಳಲಿ. ನಕ್ಕಿದ್ದೂ ಇದೆ. ಅದನ್ನಷ್ಟೇ ಹೇಳ್ತೀನಿ.

೧. ಗಂಟಿಗೆ ಹಬ್ಬವಿಲ್ಲ

ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಇವಳ ಕೈಗೆ ಸಿಕ್ಕಿತಂತೆ. ನೋವಿಲ್ವಲ್ಲ, ಗೌರಿ ಹಬ್ಬ ಮುಗೀಲಿ ಅಂದುಕೊಂಡಳಂತೆ. ಗೌರಿ ಹೋದಳು, ದಸರಾ ಬೊಂಬೆ ಕೂರಿಸಬೇಕಾಯಿತು. ಬೊಂಬೆ ಎತ್ತಿಟ್ಟರೆ ದೀಪಾವಳಿ. ನನಗೂ ಹೇಳಿರಲಿಲ್ಲ, ಮಹಾತಾಯಿ!

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ರಿಟೈರ್ಡ್ ನರ್ಸ್ ಇದ್ದಾರೆ. ನಾವೆಲ್ಲ ಸಿಸ್ಟರ್ ಅಂತೀವಿ. ಕಾರ್ತಿಕದಲ್ಲಿ ಅರಿಶಿನ ಕುಂಕುಮಕ್ಕೆ ಬಂದಾಗ ಅವರ ಹತ್ತಿರ ಬಾಯಿ ಬಿಟ್ಟಳು. ಅವರು ತಾಂಬೂಲದ ತಟ್ಟೆ ಅಲ್ಲೇ ಇಟ್ಟು, "ನೋವಿಲ್ಲ ಅಂತ ಸುಮ್ನಿರ್ತಾರೇನ್ರೀ? ಗಂಟು ಅಂದ್ಮೇಲೆ ತೋರಿಸ್ಬೇಕು" ಅಂತ ಬೈದು, ಮಾರನೇ ದಿನವೇ ಆಟೋ ಹತ್ತಿಸಿದರು.

ಡಾಕ್ಟರು ಪರೀಕ್ಷೆ ಮಾಡಿ, "ಯಾವಾಗಿಂದ ಇದೆ?" ಅಂದರು.

"ಗೌರಿ ಹಬ್ಬದಿಂದ. ಮಧ್ಯೆ ಬಿಡುವೇ ಆಗ್ಲಿಲ್ಲ."

"ಇನ್ನು ತಡ ಬೇಡ. ನಾಳೆ ಸೂಜಿ ಹಾಕಿ ಸ್ಯಾಂಪಲ್ ತೆಗೀತೀನಿ."

"ನಾಳೆ ಅಮಾವಾಸ್ಯೆ, ಡಾಕ್ಟ್ರೇ."

ಡಾಕ್ಟರು ಕ್ಯಾಲೆಂಡರ್ ಕಡೆಗೂ ನೋಡದೆ, "ಹಾಗಾದ್ರೆ ಇವತ್ತೇ ತೆಗೆದುಬಿಡೋಣ, ಮಲಕ್ಕೊಳ್ಳಿ" ಅಂದರು.

೨. ಯಾರಿಗೆ ಹುಷಾರಿಲ್ಲ?

ಕೀಮೋ ಶುರುವಾದ ಮೇಲೆ ಜಯನಗರದಿಂದ ನಮ್ಮ ಅತ್ತಿಗೆ ನೋಡೋಕೆ ಬಂದರು. ಇವಳ ತಲೆಗೆ ಕಟ್ಟಿದ್ದ ಸ್ಕಾರ್ಫ್ ನೋಡಿದ್ದೇ ತಡ, "ಅಯ್ಯೋ, ಮಂಡಿ ತನಕ ಇದ್ದ ಜಡೆ ಕಣೇ!" ಅಂತ ಅಳೋಕೆ ಶುರು ಮಾಡಿದರು. ಅತ್ತು ಅತ್ತು ತಲೆ ಸುತ್ತು ಬಂತು. ಇವಳೇ ಎದ್ದು ಅವರನ್ನ ತನ್ನ ಮಂಚದ ಮೇಲೆ ಮಲಗಿಸಿ, ಕುರ್ಚಿಯಲ್ಲಿ ಕೂತು ಗಾಳಿ ಹಾಕುತ್ತಿದ್ದಳು.

ಅಷ್ಟರಲ್ಲಿ ನನ್ನ ಹಳೇ ಆಫೀಸಿನವರೊಬ್ಬರು ಎಳನೀರು ಹಿಡಿದು ಬಂದರು. ಇವಳನ್ನ ಯಾವತ್ತೂ ಕಂಡವರಲ್ಲ. ಸೀದಾ ಮಂಚದ ಹತ್ತಿರ ಹೋಗಿ, ಅತ್ತಿಗೆಯ ಕೈಗೆ ಎಳನೀರು ಕೊಟ್ಟು, "ಧೈರ್ಯವಾಗಿರಿ ಮೇಡಂ. ಅಂಥಾ ಕಾಯಿಲೆ ಇದ್ರೂ ಒಳ್ಳೇ ದಷ್ಟಪುಷ್ಟವಾಗೇ ಇದ್ದೀರ" ಅಂದರು. ಅತ್ತಿಗೆ ಆಮೇಲೆ ಅಳಲಿಲ್ಲ.

೩. ಪಾತ್ರೆ ಖಾಲಿ ಕೊಡಬಾರದು

ಕೀಮೋಗೆ ಕೂದಲು ಹೋಯಿತು, ಅದರ ಹಿಂದೆಯೇ ನಾಲಿಗೆಯ ರುಚಿಯೂ ಹೋಯಿತು. "ಏನಿಟ್ರೂ ಮಣ್ಣು ತಿಂದ ಹಾಗಿದೆ ರೀ" ಅನ್ನೋಳು. ಅಡುಗೆ ನನ್ನ ಕೈಗೆ ಬಂತು. ಮಲಗಿದ್ದಲ್ಲಿಂದಲೇ ಹೇಳಿಕೊಟ್ಟಳು: "ಸಾರು ಕುದಿಸ್ಬೇಡಿ. ಮೇಲೆ ನೊರೆ ಉಕ್ಕಿ ಬಂದ ತಕ್ಷಣ ಇಳಿಸಿ."

ಇವಳು ಮದುವೆ ಮನೆ ಸಾರಿಗೂ ಹೆಸರಿಟ್ಟವಳು. ಮೂವತ್ತೊಂದು ವರ್ಷದಲ್ಲಿ ನನ್ನ ಕಾಫಿಗೆ ಒಂದು ಸಲವೂ ಪಾಸ್ ಮಾರ್ಕ್ಸ್ ಕೊಟ್ಟವಳಲ್ಲ. ಈಗ ಏನು ಬಡಿಸಿದರೂ "ಚೆನ್ನಾಗಿದೆ ರೀ" ಅಂತ ನಾಲ್ಕು ತುತ್ತು ನುಂಗೋಳು. ಒಂದು ದಿನ ಬೇಕಂತಲೇ ಉಪ್ಪು ಹಾಕಲಿಲ್ಲ. "ಚೆನ್ನಾಗಿದೆ" ಅಂದಳು. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಇವಳ ಬೈಗುಳಕ್ಕೆ ಆಗ ಹಂಬಲಿಸಿದಷ್ಟು, ಮದುವೆಗೆ ಮುಂಚೆ ಇವಳ ಕಾಗದಕ್ಕೂ ಹಂಬಲಿಸಿರಲಿಲ್ಲ. ರುಚಿ ನಿಧಾನವಾಗಿ ವಾಪಸ್ ಬರುತ್ತೆ ಅಂತ ಡಾಕ್ಟರು ಹೇಳಿದ್ದರು. ದಿನಾ ಮೊದಲ ತುತ್ತಿಗೆ ಅವಳ ಮುಖಾನೇ ನೋಡ್ತಿದ್ದೆ.

ನಿಜ ಹೇಳೋಕೆ ಯಾರಾದರೂ ಬೇಕಲ್ಲ, ಸಾರನ್ನ ಒಂದು ಪಾತ್ರೆಯಲ್ಲಿ ಸಿಸ್ಟರ್ ಮನೆಗೆ ಕೊಟ್ಟೆ. ಪಾತ್ರೆ ಖಾಲಿ ಕೊಡಬಾರದು ಅಂತ ಸಕ್ಕರೆ ಹಾಕಿ ವಾಪಸ್ ಕೊಟ್ಟರು. ಎರಡನೇ ಸಲ ಬಾಳೆಹಣ್ಣು. ಮೂರನೇ ಸಲ ಅದರ ತುಂಬಾ ಬಿಸಿ ಸಾರೇ ಇತ್ತು. "ಇದು ಸಾರು, ಸಾರ್" ಅಂದರು ಸಿಸ್ಟರ್, "ಕುಡಿದು ನೋಡಿ, ಗೊತ್ತಾಗಲಿ."

೪. ನೊರೆ

ಇವಳಿಗೆ ಶುಕ್ರವಾರದ ಎಣ್ಣೆಸ್ನಾನಕ್ಕೆ ಸೀಗೇಕಾಯಿಯೇ ಆಗಬೇಕಿತ್ತು. ಜಡೆ ಹೋದ ಮೇಲೆ ಬಚ್ಚಲಮನೆಯಲ್ಲಿ ಆ ಪುಡಿಯ ಬಾಟಲಿ ಕಂಡಾಗಲೆಲ್ಲಾ ಮುಖ ತಿರುಗಿಸೋಳು. ಕಣ್ಣಿಗೆ ಬೀಳದಿರಲಿ ಅಂತ ನಾನೇ ತಂದು ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ. ಸಾರಿನ ಪುಡಿ ಪಕ್ಕದಲ್ಲಿ.

ಚಿಕಿತ್ಸೆ ಮುಗಿದು ಮೂರು ತಿಂಗಳಾಗಿತ್ತು. ನನಗೆ ನೆಗಡಿ. ಇವಳಿಗೆ ತಾಗಬಾರದು ಅಂತ ಮಾಸ್ಕ್ ಹಾಕಿಕೊಂಡೇ ಅಡುಗೆಗೆ ನಿಂತೆ. ಮೂಗು ಕಟ್ಟಿತ್ತು, ಕನ್ನಡಕವೆಲ್ಲಾ ಹಬೆ. ಕೈಗೆ ಸಿಕ್ಕಿದ ಬಾಟಲಿಯ ತಳದಲ್ಲಿ ಮೂರು ಚಮಚ ಪುಡಿ ಉಳಿದಿತ್ತು, ಸುರಿದೆ. ಅಬ್ಬಬ್ಬಾ, ಏನು ನೊರೆ! ಪಾತ್ರೆಯ ಮೇಲೆ ಒಂದು ಗೇಣು ಎದ್ದು ಬಂತು. ಇಷ್ಟು ದಿನಕ್ಕೆ ಕೈ ಪಳಗಿತು ಅಂತ ಹಿಗ್ಗಿಹೋದೆ. ಒಗ್ಗರಣೆ ಕೊಟ್ಟು, ಅನ್ನಕ್ಕೆ ಬಡಿಸಿ, ಎದುರಿಗೆ ಕೂತೆ.

ಮೊದಲ ತುತ್ತು ಬಾಯಿಗಿಟ್ಟಳು. ಮುಖ ಹಿಂಡಿಹೋಯಿತು.

"ಥೂ ಥೂ! ಏನ್ರೀ ಇದು, ಕಹಿ ವಿಷ! ಸೀಗೇಕಾಯಿ ಹಾಕಿದ್ದೀರಲ್ರೀ! ಬುದ್ಧಿ ಇದ್ಯಾ ನಿಮಗೆ?"

"ಕಹಿ ಗೊತ್ತಾಯ್ತಾ?"

"ಗೊತ್ತಾಗ್ದೇ ಏನು, ನನಗೇನು ನಾಲಿಗೆ..." ಅಂದವಳು ಅಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಇಬ್ಬರ ಕಣ್ಣಲ್ಲೂ ನೀರು.

ನಾನು ಎದ್ದು ಮೆಟ್ಟಿಲ ಹತ್ತಿರ ಓಡಿ, "ಸಿಸ್ಟರ್! ಬೈದಳು ಸಿಸ್ಟರ್, ಬೈದಳು!" ಅಂತ ಕೂಗಿದೆ. ಅವರು ಗಾಬರಿಯಾಗಿ ಸೌಟು ಹಿಡಿದೇ ಮೇಲೆ ಬಂದರು.

ಒಳಗೆ ಬಂದರೆ ಇವಳು ಸ್ಕಾರ್ಫ್ ಬಿಚ್ಚಿ, ಹೊಸದಾಗಿ ಬಂದಿದ್ದ ಅರ್ಧ ಇಂಚು ಕೂದಲಿನ ಮೇಲೆ ಕೈಯಾಡಿಸುತ್ತಿದ್ದಳು.

"ಅಲ್ರೀ, ಇದ್ದಬದ್ದ ಸೀಗೇಕಾಯೆಲ್ಲಾ ಸಾರಿಗೆ ಸುರಿದ್ರಲ್ಲಾ. ಬರೋ ಶುಕ್ರವಾರ ನನ್ನ ತಲೆಗೆ ಸಾರಿನ ಪುಡಿ ಹಾಕ್ಕೊಳ್ಳಲಾ?"