ಗೋಡೆಯಾಚೆಯ ಐಸಮ್ಮ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹಾಗೆಂದವರು ಪುತ್ತೂರು ಪೇಟೆಯ ಹಿಂದಿದ್ದ ನಮ್ಮ ಸಾಲುಬಿಡಾರದಲ್ಲಿ ಸಂಸಾರ ಮಾಡಿರಲಾರರು. ಅಲ್ಲಿ ನಮ್ಮ ಜಗಳ ಉಣ್ಣುವ ಮೊದಲೇ ಇತ್ಯರ್ಥವಾಗುತ್ತಿತ್ತು, ಅದೂ ಪಕ್ಕದ ಮನೆಯವರಿಂದ. ಐವತ್ತರ ದಶಕದ ಕೊನೆಯ ಮಾತು. ನನಗೆ ಆಗಷ್ಟೇ ಮಾಸ್ತರಿಕೆ ಸಿಕ್ಕಿತ್ತು, ಆಗಷ್ಟೇ ಸುಳ್ಯದ ಕಡೆಯ ಮರ್ಕಂಜದ ದೇವಕಿಯೊಡನೆ ಮದುವೆಯೂ ಆಗಿತ್ತು. ಬಿಡಾರದ ಮನೆಗಳೆಲ್ಲ ಒಂದೇ ಹಂಚಿನ ಮಾಡಿನ ಕೆಳಗೆ. ನಡುವಿನ ಗೋಡೆಯನ್ನು ಧಣಿಗಳು ಆಳೆತ್ತರಕ್ಕೆ ಏರಿಸಿ, ಇಷ್ಟು ಸಾಕು ಎಂದು ಬಿಟ್ಟಿದ್ದರು. ಮೇಲಿನ ಸಂದಿಯಿಂದ ಮೀನು ಹುರಿದ ಪರಿಮಳ, ಮಗುವಿನ ಅಳು, ಯಾರದೋ ಸೀನು, ಎಲ್ಲ ಸರಾಗವಾಗಿ ಬರುತ್ತಿದ್ದವು. ಆಚೆ ಕಾಳುಮೆಣಸಿನ ವ್ಯಾಪಾರದ ಇಸ್ಮಾಲಿ ಬ್ಯಾರಿ ಮತ್ತು ಅವರ ಹೆಂಡತಿ ಐಸಮ್ಮ ಇದ್ದರು.

ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನು ಗೊಣಗಿದೆ. ದೇವಕಿ ಬಾಯಿ ತೆರೆಯುವ ಮೊದಲೇ ಆಚೆಯಿಂದ ಐಸಮ್ಮನ ಸ್ವರ ಬಂತು: "ಒಂದು ಬಟಾಟೆ ಹಾಕಿ ಕುದಿಸು ದೇವಕೀ, ಉಪ್ಪು ಎಳೀತದೆ. ಮಾಷ್ಟ್ರಿಗೆ ಹಸಿವಿಲ್ಲ, ಅದಕ್ಕೆ ಹಾಗೆ ಹೇಳುದು."

ಮರುದಿನದಿಂದ ನಾವು ಕನ್ನಡ ಬಿಟ್ಟು ಸುಳ್ಯದ ಕಡೆಯ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಜಗಳವಾಡತೊಡಗಿದೆವು. ಇಸ್ಮಾಲಿ ಬ್ಯಾರಿಯವರು ಆಚೆಯಿಂದ ನಕ್ಕರು. "ಮಾಷ್ಟ್ರೆ, ನಾನು ಸುಳ್ಯ ಸಂತೆಗೆ ಹೋಗಲಿಕ್ಕೆ ಸುರು ಮಾಡಿ ಎಷ್ಟು ಕಾಲ ಆಯ್ತು! ಅರೆಭಾಷೆ ನನಗೆ ಅರೆ ಅಲ್ಲ, ಪೂರಾ ಬರ್ತದೆ." ಊರಿಗೆಲ್ಲ ಬರುವ ತುಳುವಿನ ಮಾತಂತೂ ಎತ್ತುವಂತಿಲ್ಲ. ಅವರಿಗೆ ಬಾರದ್ದು ಇಂಗ್ಲಿಷ್ ಒಂದೇ; ಆದರೆ ಅದರಲ್ಲಿ ಬೈದರೆ ದೇವಕಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೊನೆಗೆ ನಾನು ತೆಂಗಿನ ಗರಿಯ ದಪ್ಪ ತಟ್ಟಿಗಳನ್ನು ಹೆಣೆಸಿ ತಂದು, ಸ್ಟೂಲು ಹತ್ತಿ, ಸಂದಿಯನ್ನು ಭದ್ರವಾಗಿ ಮುಚ್ಚಿದೆ.

ಆಮೇಲೆ ಮನೆಯಲ್ಲಿ ನಾವಿಬ್ಬರೇ ಆದೆವು. ಅದೇ ತಾಪತ್ರಯವಾಯಿತು. ತನ್ನ ತಂಗಿಯ ಮದುವೆಗೆ ವಾರ ಮೊದಲೇ ಹೋಗಬೇಕು ಎಂದು ದೇವಕಿ, ಹಿಂದಿನ ದಿನ ಸಾಕು ಎಂದು ನಾನು. ತೀರ್ಪು ಕೊಡುವವರಿಲ್ಲ. ಮೊದಲು ಮಾತು ಬೆಳೆಯಿತು, ಆಮೇಲೆ ಮಾತೇ ನಿಂತಿತು. ಅವಳು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಭಾನುವಾರ ಬೆಳಗ್ಗೆ ನಾನು ಪೇಟೆಯಿಂದ ಬಂದು ನೋಡಿದರೆ ದೇವಕಿಯಿಲ್ಲ, ಗೂಟದಲ್ಲಿ ಅವಳ ಚೀಲವೂ ಇಲ್ಲ. ಮದುವೆಮನೆಗೆ ಒಬ್ಬಳೇ ಹೋಗಿ ಇಳಿದರೆ ಮರ್ಕಂಜದಲ್ಲಿ ನನ್ನ ಮರ್ಯಾದೆ ಹೇಗೂ ಹೋಯಿತು. ಆದರೆ ಆಗ ನನ್ನನ್ನು ಹೆದರಿಸಿದ್ದು ಅದಲ್ಲ, ಅವಳು ತೊಳೆದು ಕವುಚಿಟ್ಟಿದ್ದ ನನ್ನ ಊಟದ ಬಟ್ಟಲು.

"ಐಸಮ್ಮಾ, ದೇವಕಿಯನ್ನು ಕಂಡಿರಾ?" ಎಂದು ಕೂಗಿದೆ. ನನ್ನ ಸ್ವರ ತಟ್ಟಿಯನ್ನು ದಾಟಿದಂತೆ ಕಾಣಲಿಲ್ಲ. ಸ್ಟೂಲು ಹತ್ತಿ ತಟ್ಟಿಯನ್ನು ಎಳೆದೆ. ಒಣ ಗರಿಯ ಧೂಳೆಲ್ಲ ತಲೆಯ ಮೇಲೆ ಸುರಿಯಿತು. ಕಣ್ಣುಮುಚ್ಚಿಕೊಂಡೇ ಇನ್ನೊಮ್ಮೆ ಕಿರುಚಿದೆ: "ಐಸಮ್ಮಾ! ದೇವಕಿ ಹೋದಳು!"

"ಎಲ್ಲಿಗೂ ಹೋಗಲಿಲ್ಲ ಮಾರಾಯ್ರೆ, ಇಲ್ಲೇ ಚಾ ಕುಡೀತಾ ಇದ್ದಾಳೆ" ಎಂದರು ಐಸಮ್ಮ. "ಅಷ್ಟು ದೊಡ್ಡ ಸ್ವರ ಎಂತಕ್ಕೆ? ನಮಗೆ ಕೇಳುದಿಲ್ವಾ?"

ಹಿಂದೆಯೇ ದೇವಕಿಯ ಸ್ವರ: "ಸುಳ್ಯದ ಬಸ್ಸಿಗೆ ಇನ್ನೂ ಹೊತ್ತುಂಟು. ಬರುದಾದರೆ ತಲೆ ತೊಳೆದು ಬನ್ನಿ."

ತೊಳೆದು ಹೋದೆ. ಮರ್ಕಂಜಕ್ಕೂ ಅದೇ ಬಸ್ಸಿನಲ್ಲಿ ಹೋದೆ. ತಟ್ಟಿಗಳನ್ನು ಇಸ್ಮಾಲಿ ಬ್ಯಾರಿಯವರು ಕೋಳಿಗೂಡಿಗೆ ಕೇಳಿ ಪಡೆದರು. ಆಮೇಲೆ ಆ ಬಿಡಾರದಲ್ಲಿ ಗುಟ್ಟಾಗಿ ಸಂಸಾರ ಮಾಡಿದ್ದು ಕೋಳಿಗಳು ಮಾತ್ರ.