ಅತ್ತೆಯ ಚೈನ್‌ಸಾ ಮತ್ತು ಒಂಬತ್ತನೇ ರೂಲು

ಗಂಗಾನಗರದಲ್ಲಿ ನಮ್ಮ ಸೋದರತ್ತೆಯ ಹತ್ತಿರ ಇರುವ ಚೈನ್‌ಸಾ ಇಡೀ ಕರ್ನಾಟಕದಲ್ಲೇ ಅತ್ಯಂತ ಸುರಕ್ಷಿತವಾದದ್ದು. ಯಾಕೆಂದರೆ ನಾಲ್ಕು ವರ್ಷದಲ್ಲಿ ಅದು ಒಂದು ಕರಿಬೇವಿನ ಕಡ್ಡಿಯನ್ನೂ ಕತ್ತರಿಸಿಲ್ಲ!

ಅತ್ತೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ರಿಟೈರ್ ಆದಾಗ ಜೊತೆಯ ಟೀಚರ್‌ಗಳು "ಏನ್ ಕೊಡ್ಸೋಣ ಮೇಡಂ?" ಅಂತ ಕೇಳಿದರಂತೆ. ಬೇರೆಯವರಾಗಿದ್ದರೆ ಬೆಳ್ಳಿ ದೀಪ, ರೇಷ್ಮೆ ಸೀರೆ ಅನ್ನುತ್ತಿದ್ದರು. ಅತ್ತೆ "ಮರ ಕೊಯ್ಯೋ ಮಿಷನ್" ಅಂದರು. ಮಳೆ ಬಂದಾಗಲೆಲ್ಲ ರೋಡಿಗೆ ಕೊಂಬೆ ಬೀಳುತ್ತೆ, ಯಾರನ್ನೋ ಕಾಯುತ್ತಾ ಯಾಕೆ ಕೂರಬೇಕು ಅನ್ನುವುದು ಅವರ ವಾದ. ಸರಿ, ಮಿಷನ್ ಬಂತು. ಜೊತೆಗೆ ಒಂದು ಪುಸ್ತಕವೂ ಬಂತು. ಎಡವಟ್ಟಾಗಿದ್ದು ಅಲ್ಲೇ! ಅತ್ತೆ ಅದನ್ನು ಓದಿಬಿಟ್ಟರು. ಮಿಷನ್ ಜೊತೆ ಬರುವ ಪುಸ್ತಕವನ್ನು ಯಾರಾದರೂ ಓದುತ್ತಾರಾ? ಅತ್ತೆ ಎರಡು ಸಲ ಓದಿ, ರೂಲುಗಳನ್ನೆಲ್ಲ ಕೆಂಪು ಮಾರ್ಕರಿನಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದರು.

ಒಂದನೇ ರೂಲು: ಮಳೆ ಬರುವಾಗ ಮಿಷನ್ ಮುಟ್ಟಬಾರದು. ಮಳೆಗಾಲಕ್ಕೆಂದೇ ತಂದ ಮಿಷನ್ ಸ್ವಾಮಿ ಇದು!

"ಅಲ್ಲಾ ಅತ್ತೆ, ಕೊಡೆ ತಗೊಂಡು ಮಳೇಲಿ ಬಿಚ್ಬಾರ್ದು ಅಂದಂಗಾಯ್ತಲ್ಲ?" ಅಂದೆ.

"ಕೊಡೆ ಜಾರಿದ್ರೆ ನೆನೀತೀಯ ಕಣೇ ತರ್ಲೆ. ಇದು ಜಾರಿದ್ರೆ ಇನ್ಮೇಲೆ ಒಂದೇ ಚಪ್ಪಲಿ ಸಾಕಾಗುತ್ತೆ ನಿಂಗೆ."

ಮಳೆ ನಿಂತರೆ ಮಿಷನ್ ಶುರುವಾಯಿತು ಅಂದುಕೊಂಡಿರಾ? ಪಾಪ! ಮೊದಲು ನೆಲದ ಮೇಲಿನ ಒದ್ದೆ ಎಲೆ ಗುಡಿಸಬೇಕು. ಕಾಲು ಜಾರದಂತೆ ಗೋಣಿಚೀಲ ಹಾಸಬೇಕು. ಕರೆಂಟ್ ವೈರು ತಗುಲಿಲ್ಲ ಅಂತ ಕತ್ತೆತ್ತಿ ನೋಡಬೇಕು. ಹಳೇ ಕಾಟನ್ ಸೀರೆಯಲ್ಲಿ ಹಿಡಿಯನ್ನು ಮೂರು ಸಲ ಒರೆಸಬೇಕು. ಯಾರೂ ಹತ್ತಿರ ಬರದಂತೆ ಸುತ್ತಲೂ ಗೆರೆ ಹಾಕಬೇಕು. ಮೊದಮೊದಲು ರಂಗೋಲಿ ಪುಡಿಯಲ್ಲಿ ಹಾಕುತ್ತಿದ್ದರು. ಒದ್ದೆ ನೆಲದಲ್ಲಿ ಅದು ಕರಗಿ ಹೋಗುತ್ತಿದ್ದರಿಂದ ಈಗ ಬಟ್ಟೆ ಒಣಹಾಕುವ ಹಗ್ಗ ಕಟ್ಟುತ್ತಾರೆ. ಆಮೇಲೆ ಸೀಟಿ ಊದಿ ಬೆರಳುಗಳ ಅಟೆಂಡೆನ್ಸ್! ಅಲ್ಲಿದ್ದವರೆಲ್ಲ ಕೈ ಎತ್ತಿ "ಹತ್ತು, ಮೇಡಂ" ಅನ್ನಬೇಕು. ಕೆಲಸ ಮುಗಿದ ಮೇಲೆ ಇನ್ನೊಂದು ಸಲ.

ಹೋದ ವರ್ಷ ಪಕ್ಕದ ರೋಡಿನಲ್ಲಿ ನುಗ್ಗೆ ಕೊಂಬೆ ಬಿದ್ದಿತ್ತು. ಇವರ ತಯಾರಿ ಮುಗಿಯುವಷ್ಟರಲ್ಲಿ ಅಲ್ಲಿಯವರು ಕೊಂಬೆ ಎಳೆದು ಹಾಕಿ, ಕಾಯಿ ಕಿತ್ತು, ಸಾಂಬಾರ್ ಮಾಡಿ, ಅತ್ತೆಗೇ ಒಂದು ಡಬ್ಬಿ ತಂದುಕೊಟ್ಟರು. ಅತ್ತೆ ರುಚಿ ನೋಡಿ, "ಚೆನ್ನಾಗಿದೆ. ಬೆರಳೆಲ್ಲ ಇದೆ ತಾನೇ?" ಅಂದರು.

ಎಂಟನೇ ರೂಲು ಅತ್ತೆಯ ಸ್ವಂತ ಸೃಷ್ಟಿ. ನಡುಗುವ ಕೈ ಮಿಷನ್ ಮುಟ್ಟಬಾರದು. ಅದಕ್ಕೊಂದು ಪರೀಕ್ಷೆ: ಚಾಚಿದ ಅಂಗೈಯ ಮೇಲೆ ಪೇಪರಿನ ಒಂದು ಹಾಳೆ ಇಡುವುದು. ಹಾಳೆ ಅಲ್ಲಾಡಿದರೆ ಔಟ್. ನಮ್ಮಪ್ಪ ದೊಡ್ಡ ವೀರನ ಹಾಗೆ ಕೈ ಚಾಚಿದರು. ಹಾಳೆ ಪಟಪಟ!

"ದಿನಕ್ಕೆ ಎಷ್ಟು ಕಾಫಿ ಕುಡೀತೀಯೋ? ಔಟ್!" ಅಂತ ಅತ್ತೆ ತಮ್ಮನಿಗೇ ಸೀಟಿ ಊದಿದರು.

ಅತ್ತೆಯ ಕೈ ಮಾತ್ರ ವಿಧಾನಸೌಧದ ಕಂಬ. ಹೋದ ವರ್ಷದವರೆಗೆ.

ಈ ವರ್ಷ ಅವರು "ಲೋಟ ತುಂಬಾ ಹಾಕ್ಬೇಡ" ಅನ್ನುತ್ತಾರೆ. ಯಾರಾದರೂ ನೋಡಿದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ. ನಾನು ಜೋಕ್ ಮಾಡದೆ ಬಿಟ್ಟ ವಿಷಯ ಈ ಜಗತ್ತಿನಲ್ಲಿ ಇದೊಂದೇ.

ಕಳೆದ ತಿಂಗಳು ಒಂದು ಭಾನುವಾರ ಬೆಳಗಿನ ಮಳೆಗೆ ಎದುರುಮನೆ ಶಬಾನಾ ಆಂಟಿಯ ಗೇಟಿಗೆ ಅಡ್ಡವಾಗಿ ದಪ್ಪ ಕೊಂಬೆ ಬಿತ್ತು. ಆಂಟಿ ಹಿತ್ತಲಲ್ಲಿ ಸೌದೆ ಒಲೆ ಹೂಡಿ, ಮದುವೆಗಳಿಗೆ ಡಬಲ್ ಕಾ ಮೀಠಾ ಅನ್ನುವ ಬ್ರೆಡ್ಡಿನ ಸಿಹಿ ಮಾಡಿಕೊಡುವವರು. ಮಧ್ಯಾಹ್ನ ತಣಿಸಂದ್ರದಲ್ಲಿ ನಿಕಾಹ್. ನಾನೇ ಒಳಗೆ ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆ ಗೇಟಿನೊಳಗೆ, ಆಟೋ ಹೊರಗೆ. ಎತ್ತಿ ದಾಟಿಸಿದರೆ ಪಾಕವೆಲ್ಲ ಚೆಲ್ಲುತ್ತೆ. ಮರ ತೆಗೆಯುವವರಿಗೆ ಫೋನ್ ಮಾಡಿದರೆ, ಊರೆಲ್ಲ ಮರ ಬಿದ್ದಿವೆ, ಸರದಿ ಬಂದಾಗ ಬರುತ್ತೇವೆ ಅಂದರು.

"ಟೀಚರ್, ಇವತ್ತಾದ್ರೂ ನಿಮ್ ಮಿಷನ್ನಿಗೆ ಬಾಯಿ ಬರುತ್ತಾ?" ಅಂತ ಆಂಟಿ ಕೊಂಬೆಯ ಆಚೆಯಿಂದ ಕೂಗಿದರು.

ಹತ್ತು ಗಂಟೆಗೆ ಮಳೆ ಪೂರ್ತಿ ನಿಂತಿತು. ಎಲೆ ಗುಡಿಸಿದ್ದಾಯಿತು, ಗೋಣಿಚೀಲ, ವೈರು, ಸೀರೆ, ಹಗ್ಗ, ಅಟೆಂಡೆನ್ಸ್ ಎಲ್ಲ ಆಯಿತು. ಇಡೀ ರೋಡು ಉಸಿರು ಬಿಗಿಹಿಡಿದು ನಿಂತಿತ್ತು. ಅತ್ತೆ ಹೆಲ್ಮೆಟ್ ಹಾಕಿಕೊಂಡು, ಸೆರಗಿನೊಳಗಿಂದ ಕೈ ತೆಗೆದು ಚಾಚಿದರು.

"ಪೇಪರ್ ಇಡು."

"ನಿಮಗ್ಯಾಕತ್ತೆ? ನೀವೇ ಅಂಪೈರು."

"ಇಡೇ."

ಇಟ್ಟೆ. ಹಾಳೆ ನಡುಗಿತು. ಮೂಲೆಯಲ್ಲಿ ಶುರುವಾಗಿ, ಪೂರ್ತಿ.

ದಿನಕ್ಕೆ ನೂರು ಸುಳ್ಳು ಸಲೀಸಾಗಿ ಹೇಳುವ ನನಗೆ ಅವತ್ತು ಒಂದೇ ಒಂದು ಸುಳ್ಳು ಹುಡುಕಬೇಕಾಯಿತು.

"ಗಾಳಿ, ಅತ್ತೆ," ಅಂದೆ.

ಅತ್ತೆ ತಲೆಯೆತ್ತಿ ಮರ ನೋಡಿದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಎಲೆಯ ತುದಿಯ ಹನಿಗಳು ಕೂಡ ಬೀಳದೆ ಹಾಗೇ ನಿಂತಿದ್ದವು. ಆಮೇಲೆ ನನ್ನನ್ನು ನೋಡಿದರು.

"ಹೌದು, ಗಾಳಿ," ಅಂದರು. "ಒಂಬತ್ತನೇ ರೂಲು. ಗಾಳಿ ಇದ್ರೆ ಮಿಷನ್ ಮುಟ್ಬಾರ್ದು." ಹೆಲ್ಮೆಟ್ ಬಿಚ್ಚಿದರು.

ಯಾರೂ ನಗಲಿಲ್ಲ. ಶಬಾನಾ ಆಂಟಿ ಹಾರದ ದುಪಟ್ಟಾವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, "ಅರೆ, ಏನ್ ಗಾಳಿ ಟೀಚರ್ ಇದು! ನಿಂತ್ಕೊಳ್ಳೋಕೇ ಆಗ್ತಿಲ್ಲ!" ಅಂದರು. ಒಳಗೆ ಹೋಗಿ, ಸೌದೆ ಕೊಯ್ಯುವ ಹಳೇ ಗರಗಸ ತಂದರು. ಎರಡೂ ತುದಿಗೆ ಹಿಡಿ ಇರುವಂಥದ್ದು.

"ಆ ಕಡೆ ನೀವ್ ಎಳೀರಿ, ಈ ಕಡೆ ನಾನು."

ಆ ಕಡೆ ಅತ್ತೆ, ಈ ಕಡೆ ಆಂಟಿ. ಗರಗಸ ಹೇಗೂ ಅಲ್ಲಾಡಲೇಬೇಕಲ್ಲ, ಯಾವ ಅಲ್ಲಾಟ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ? ಗೇಟು ತೆರೆಯುವಷ್ಟು ಕೊಯ್ಯುವ ಹೊತ್ತಿಗೆ ಹನ್ನೊಂದೂವರೆ. ಆಟೋ ಹೊರಟಿತು, ಪಾಕ ಚೆಲ್ಲಲಿಲ್ಲ.

ಅತ್ತೆ ಸೀಟಿ ಊದುವುದನ್ನೇ ಮರೆತು ಕಟ್ಟೆಯ ಮೇಲೆ ಕೂತಿದ್ದರು. ನಾನೇ ಹೋಗಿ, "ಅಟೆಂಡೆನ್ಸ್, ಮೇಡಂ" ಅಂತ ಅವರ ಎರಡೂ ಕೈ ತೆಗೆದುಕೊಂಡು ಎಣಿಸಿದೆ. ಹತ್ತೂ ಇದ್ದವು. ನಾನು ಲೆಕ್ಕದಲ್ಲಿ ದಡ್ಡಿ ಅಂತ ಅವರಿಗೆ ಗೊತ್ತು, ಅದಕ್ಕೇ ಮತ್ತೆ ಎಣಿಸಿದೆ. ಮತ್ತೊಂದು ಸಲವೂ ಎಣಿಸಿದೆ. ಗಾಳಿ ನಿಲ್ಲುವವರೆಗೂ ಬಿಡಲಿಲ್ಲ.